ಭೂದೇವಿ ಸೋತ ಪ್ರಸಂಗ

ನರಸಿಂಹರಾಜಪುರ
೧೨ ಜುಲೈ ೨೦೦೮

ದಾಕ್ಷಾಯಿಣಿ ಟೀಚರ್ ಅವರಿಗೆ,

ಒಂಬತ್ತನೇ ತರಗತಿಯ ಕೃತಿಕಾ ಮಾಡುವ ನಮಸ್ಕಾರಗಳು. ನಾನು ಬ್ರೈಲ್‌ನಲ್ಲಿ ಬರೆದರೆ ನಿಮಗೆ ಓದಲು ಬರುವುದಿಲ್ಲ, ನೀವು ಪೆನ್ನಿನಲ್ಲಿ ಬರೆದರೆ ನನಗೆ ಓದಲು ಬರುವುದಿಲ್ಲ. ಆದ್ದರಿಂದ ನಾನು ಹೇಳುತ್ತೇನೆ, ನಮ್ಮ ಹಾಸ್ಟೆಲಿನ ವಾರ್ಡನ್ ಶೇಷಮ್ಮ ಬರೆಯುತ್ತಾರೆ. (ಹುಡುಗಿಯ ಮಾತನ್ನು ತಿದ್ದಿ, ಶುದ್ಧ ಕನ್ನಡ ಮಾಡಿ ಬರೆಯುತ್ತಿದ್ದೇನೆ. ಅಭಿಪ್ರಾಯಗಳಿಗೆ ನಾನು ಹೊಣೆಯಲ್ಲ. — ಶೇಷಮ್ಮ)

ನಮ್ಮಂಥ ಕಣ್ಣು ಕಾಣದ ಮಕ್ಕಳಿಗಾಗಿ ನೀವು ಕೊಪ್ಪದಲ್ಲಿ ಕೂತು ವಿಜ್ಞಾನದ ಪಾಠ ಓದಿ, ಪಾಡ್‌ಕಾಸ್ಟ್ ಮಾಡಿ ಇಂಟರ್‌ನೆಟ್ಟಿಗೆ ಹಾಕುತ್ತಿರುವುದು ದೊಡ್ಡ ಉಪಕಾರ. ನಮ್ಮ ಶಾಲೆಯ ಆಫೀಸಿನ ಕಂಪ್ಯೂಟರಿಗೆ ಅವನ್ನು ಇಳಿಸಿಕೊಂಡು ಎಲ್ಲರೂ ಕೇಳಿದೆವು. ಕೊನೆಯಲ್ಲಿ ‘ಅಭಿಪ್ರಾಯ ತಿಳಿಸಿ’ ಎಂದಿದ್ದೀರಿ. ತಿಳಿಸುತ್ತಿದ್ದೇನೆ.

ಮೊದಲನೇ ಪಾಠಕ್ಕೆ ಹುಡುಗರು ಮಲಗಿದರು. ಎರಡನೆಯದಕ್ಕೆ ಹುಡುಗಿಯರೂ ಮಲಗಿದರು. ಮೂರನೆಯದಕ್ಕೆ ಶೇಷಮ್ಮನವರ ಗೊರಕೆ ಕೇಳಿಸಿತು. (ಕಣ್ಣು ಮುಚ್ಚಿ ಗಮನವಿಟ್ಟು ಕೇಳುತ್ತಿದ್ದೆ. — ಶೇಷಮ್ಮ) ನೀವು ಮಧ್ಯೆ ಮಧ್ಯೆ ‘ಪಕ್ಕದ ಚಿತ್ರವನ್ನು ಗಮನಿಸಿ’ ಎನ್ನುತ್ತೀರಿ. ನಾವು ಗಮನಿಸಿದೆವು. ಏನೂ ಆಗಲಿಲ್ಲ. ಒಂದು ಕಡೆ ಯಾರೋ ಗಂಡಸರು ಬಂದು ‘ಟೀಚರೇ, ಫ್ಯಾನ್ ಆಫ್ ಮಾಡ್ಲಾ, ಸದ್ದು ಬತ್ತಾ ಅದೆ’ ಎಂದು ಕೇಳುತ್ತಾರೆ. ಅಲ್ಲಿ ಮಾತ್ರ ಎಲ್ಲರೂ ಎದ್ದು ಕೂತೆವು. ಅದನ್ನು ಮತ್ತೆ ಮತ್ತೆ ಹಾಕಿಸಿ ಕೇಳಿದೆವು.

ಟೀಚರ್, ನಾನು ತಮಾಷೆಗೆ ಇದನ್ನು ಬರೆಸುತ್ತಿಲ್ಲ. ಕಣ್ಣು ಕಾಣದವರು ಹತ್ತನೇ ತರಗತಿಯಲ್ಲಿ ವಿಜ್ಞಾನ ಬಿಟ್ಟು ಬೇರೆ ವಿಷಯ ತೆಗೆದುಕೊಳ್ಳಬಹುದು. ನಮ್ಮ ಶಾಲೆಯಲ್ಲಿ ಇದುವರೆಗೆ ಎಲ್ಲರೂ ಹಾಗೇ ಮಾಡಿದ್ದಾರೆ. ನನಗೆ ವಿಜ್ಞಾನವೇ ಬೇಕು. ಹೆಡ್‌ಮಾಸ್ಟರ್ ಸೋಮಶೇಖರಪ್ಪ ಸರ್ ‘ಆ ಟೀಚರ್ ಪಾಡ್‌ಕಾಸ್ಟ್ ಕೇಳಿ ಪರೀಕ್ಷೆ ಬರೀರಿ, ಪಾಸಾದ್ರೆ ನೋಡನ’ ಎಂದಿದ್ದಾರೆ. ನಿದ್ದೆ ಬಾರದಂಥ ಪಾಠ ಹಾಕಿ.

ನಿಮ್ಮ ವಿಧೇಯ ವಿದ್ಯಾರ್ಥಿನಿ,
ಕೃತಿಕಾ


ಕೊಪ್ಪ
೧೯ ಜುಲೈ ೨೦೦೮

ವಾಸಪ್ಪನವರಿಗೆ,

ನಿಮ್ಮ ಮಗಳು ದಿವ್ಯಳಿಗೆ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದ ದಾಕ್ಷಾಯಿಣಿ ಟೀಚರ್ ಮಾಡುವ ನಮಸ್ಕಾರಗಳು. ಜಯಪುರದ ನಿಮ್ಮ ಜವಳಿ ಅಂಗಡಿಗೆ ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀವು ಮಾತು ಶುರು ಮಾಡಿದರೆ ನನ್ನ ಸರದಿ ಬರುವುದಿಲ್ಲ. ಅದಕ್ಕೇ ಕಾಗದ.

ಕೊಪ್ಪ ಬಸ್‌ಸ್ಟ್ಯಾಂಡಿನ ಹತ್ತಿರ ವೀರೇಶ್ ಎಂಬುವರ ಸೈಬರ್ ಸೆಂಟರ್ ಇದೆ. ಅಲ್ಲಿ ಕೂತು ನಾನು ಪಾಠ ಓದುತ್ತೇನೆ, ಅವರು ರೆಕಾರ್ಡ್ ಮಾಡಿ ಇಂಟರ್‌ನೆಟ್ಟಿಗೆ ಹಾಕುತ್ತಾರೆ. ಪಾಡ್‌ಕಾಸ್ಟ್ ಎನ್ನುತ್ತಾರೆ. ರೇಡಿಯೋದ ಮಾತು ಗಾಳಿಯಲ್ಲಿ ಹೋಗಿಬಿಡುತ್ತದೆ, ಇದು ಭರಣಿಯ ಉಪ್ಪಿನಕಾಯಿಯ ಹಾಗೆ, ಬೇಕಾದಾಗ ತೆಗೆದುಕೊಳ್ಳಬಹುದು. ಆದರೆ ನನ್ನ ಉಪ್ಪಿನಕಾಯಿಗೆ ಖಾರವೇ ಇಲ್ಲವೆಂದು ಒಂದು ಹುಡುಗಿ ಬರೆದಿದ್ದಾಳೆ. ಅವಳ ಕಾಗದದ ನಕಲು ಜೊತೆಗಿದೆ, ಓದಿ. ಓದಿದ ಮೇಲೆ ನಗುವುದಿದ್ದರೆ ಅಂಗಡಿಯ ಒಳಗೆ ಹೋಗಿ ನಗಿ.

ನೀವು ಈ ಮೂರು ತಾಲೂಕಿನಲ್ಲೂ ತಾಳಮದ್ದಳೆಯಲ್ಲಿ ಅರ್ಥ ಹೇಳುವವರು. ವೇಷವಿಲ್ಲ, ಕುಣಿತವಿಲ್ಲ, ಕೂತಲ್ಲೇ ಬರೀ ಮಾತಿನಲ್ಲಿ ಯುದ್ಧ ಮಾಡಿ ಜನರನ್ನು ಬೆಳಗಿನವರೆಗೆ ಎಬ್ಬಿಸಿಡುತ್ತೀರಿ. ಕಾಣದ ಮಕ್ಕಳಿಗೆ ಇದಕ್ಕಿಂತ ಸರಿಯಾದ ಆಟ ಯಾವುದಿದೆ? ಮುಂದಿನ ಪಾಠ ‘ಭೂಮಿಯ ಚಲನೆ’. ಬಂದು ನಾಲ್ಕು ಮಾತಾಡಿ. ನಾಲ್ಕು ಎಂದರೆ ನಾಲ್ಕೇ.

ಇತಿ,
ದಾಕ್ಷಾಯಿಣಿ


ಜಯಪುರ
೩ ಆಗಸ್ಟ್ ೨೦೦೮

ಮಾನ್ಯ ಟೀಚರವರ ಸನ್ನಿಧಿಗೆ,

ತಮ್ಮ ಕಾಗದ ತಲುಪಿತು. ಅಂಗಡಿಯ ಒಳಗೆ ಹೋಗಿಯೇ ನಕ್ಕೆ. ಗಿರಾಕಿಗಳು ‘ಎಂತ ಆಯ್ತು ಮಾರಾಯ್ರೆ, ಅರಾಮಿದೀರಾ?’ ಎಂದು ಕೇಳಿಕೊಂಡು ಒಳಗೆ ಬಂದರು.

ಒಪ್ಪಿದ್ದೇನೆ. ಆದರೆ ತಾಳಮದ್ದಳೆ ಎಂದ ಮೇಲೆ ಅದಕ್ಕೊಂದು ಕ್ರಮವಿದೆ. ಎದುರು ಪಾತ್ರವಿಲ್ಲದೆ ನಾನು ಬಾಯಿ ತೆರೆಯುವುದಿಲ್ಲ. ಎದುರಿಲ್ಲದೆ ಮಾತಾಡುವುದು ಭಾಷಣ, ಅದನ್ನು ಮಾಡುವವರು ಬೇರೆ ಇದ್ದಾರೆ. ಆದ್ದರಿಂದ ತಾವು ಭೂದೇವಿ. ‘ನಾನು ತಿರುಗುತ್ತೇನೆ’ ಎಂಬುದು ತಮ್ಮ ಪಕ್ಷ. ನಾನು ಸೂರ್ಯ. ‘ತಿರುಗುವವನು ನಾನು, ನೀನು ಕದಲಿದವಳಲ್ಲ’ ಎಂಬುದು ನನ್ನ ಪಕ್ಷ. ಕೊನೆಗೆ ತಾವು ಗೆಲ್ಲುವುದು, ನಾನು ಸೋಲುವುದು. ಇದು ಪ್ರಸಂಗದಲ್ಲೇ ಇದೆಯಲ್ಲ, ಚಿಂತೆ ಯಾಕೆ?

ಇನ್ನೊಂದು ವಿಷಯ. ನಾಲ್ಕೇ ಮಾತು ಎಂದಿದ್ದೀರಿ. ಪೀಠಿಕೆಗೆ ಅಷ್ಟು ಸಾಲುವುದಿಲ್ಲ.

ತಮ್ಮವ,
ವಾಸಪ್ಪ


ಕೊಪ್ಪ
೨೦ ಸೆಪ್ಟೆಂಬರ್ ೨೦೦೮

ವಾಸಪ್ಪನವರಿಗೆ,

ನಮಸ್ಕಾರ ಆಮೇಲೆ ಹೇಳುತ್ತೇನೆ.

ನೀವು ಸೈಬರ್ ಸೆಂಟರಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಶಾಲು ಹೊದ್ದು ಕೂತು, ‘ಎಲೈ ವಸುಂಧರೆ’ ಎಂದು ನನ್ನನ್ನೇ ದಿಟ್ಟಿಸಿ ನೋಡಿದಾಗಲೇ ನಾನು ಎದ್ದು ಬರಬೇಕಿತ್ತು. ‘ನೀನು ಬಿರುಸಿನಿಂದ ತಿರುಗುವವಳಾದರೆ, ಮರದಿಂದ ಮೇಲಕ್ಕೆ ಹಾರಿದ ಕಾಗೆ ಅದೇ ಮರಕ್ಕೆ ಬಂದು ಕೂರುವುದು ಹೇಗೆ? ಅದು ಆಕಾಶದಲ್ಲಿರುವಾಗ ಮರ ಮುಂದೆ ಓಡಿಹೋಗಬೇಡವೇ?’ ಎಂದಿರಿ. ಜಡತ್ವವನ್ನು ನಾನು ವರ್ಷ ವರ್ಷವೂ ಕಲಿಸುತ್ತೇನೆ. ಆ ಹೊತ್ತಿಗೆ ಒಂದಕ್ಷರ ನೆನಪಿಗೆ ಬರಲಿಲ್ಲ. ನನ್ನ ಬಾಯಿಂದ ಬಂದದ್ದು ಏನು? ‘ಅದು ಪಠ್ಯಪುಸ್ತಕದಲ್ಲಿದೆ.’ ಅದಕ್ಕೆ ನೀವು, ‘ಹಾಗಾದರೆ ತಿರುಗುವುದು ಪುಸ್ತಕ, ನೀನಲ್ಲ’ ಎಂದಿರಿ. ಇಂಟರ್‌ನೆಟ್ ನೋಡಲು ಬಂದವರೆಲ್ಲ ಚಪ್ಪಾಳೆ ತಟ್ಟಿದರು. ಸೋಲಬೇಕಾಗಿದ್ದವರು ನೀವು!

ಮತ್ತೊಮ್ಮೆ ರೆಕಾರ್ಡ್ ಮಾಡೋಣ ಎಂದುಕೊಂಡು ನಾನು ಮನೆಗೆ ಬಂದೆ. ವೀರೇಶ್ ಅಷ್ಟರಲ್ಲಿ ಅದನ್ನು ಹಾಗೇ ಹಾಕಿಬಿಟ್ಟಿದ್ದರು. ಕೇಳಿದರೆ ‘ಎಷ್ಟು ಚೆನ್ನಾಗಿ ಬಂದಿತ್ತು ಟೀಚರೇ, ಕತ್ತರ್ಸಕ್ಕೆ ಮನಸ್ಸೇ ಬರ್ಲಿಲ್ಲ’ ಎನ್ನುತ್ತಾರೆ.

ಈಗ ಕೇಳಿ. ಮಕ್ಕಳಿಗೆ ಪರೀಕ್ಷೆ ಆಯಿತು. ‘ಹಗಲು ರಾತ್ರಿಗಳು ಏಕೆ ಆಗುತ್ತವೆ?’ ಎಂಬ ಪ್ರಶ್ನೆ. ಎಲ್ಲರೂ ಒಂದೇ ಉತ್ತರ ಬರೆದಿದ್ದಾರೆ: ಸೂರ್ಯ ಭೂಮಿಯನ್ನು ಸುತ್ತುತ್ತಾನೆ, ಏಕೆಂದರೆ ಕಾಗೆ ಅದೇ ಮರಕ್ಕೆ ಬರುತ್ತದೆ. ಒಬ್ಬ ಹುಡುಗ ‘ಎಲೈ ವಸುಂಧರೆ’ ಎಂದೇ ಉತ್ತರ ಶುರು ಮಾಡಿದ್ದಾನೆ. ಹೆಡ್‌ಮಾಸ್ಟರ್ ಸೋಮಶೇಖರಪ್ಪನವರು ನನಗೆ ಫೋನ್ ಮಾಡಿ, ‘ಟೀಚರೇ, ನಿಮ್ಮ ಉಪಕಾರ ಸಾಕು. ಈ ಮಕ್ಳಿಗೆ ವಿಜ್ಞಾನ ಆಗಲ್ಲ ಅಂತ ನಾನು ಮೊದ್ಲೇ ಹೇಳಿದ್ದೆ’ ಎಂದರು. ಕೃತಿಕಾಗೆ ಇನ್ನು ವಿಜ್ಞಾನ ಸಿಗುವುದಿಲ್ಲ. ನನಗೆ ಅಳು ಬಂತು. ನಿಮ್ಮ ಮೇಲೆ ಸಿಟ್ಟೂ ಬಂತು. ಸಿಟ್ಟೇ ಹೆಚ್ಚು.

ಈಗ ನಮಸ್ಕಾರ.

ದಾಕ್ಷಾಯಿಣಿ


ಜಯಪುರ
೨೪ ಸೆಪ್ಟೆಂಬರ್ ೨೦೦೮

ಟೀಚರೇ,

ಎಲ್ಲರೂ? ಒಬ್ಬರೂ ಬಿಡದೆ?

ಕ್ಷಮಿಸಿ, ಮೊದಲು ಅದನ್ನೇ ಕೇಳಿಬಿಟ್ಟೆ. ಇಷ್ಟು ವರ್ಷ ಅರ್ಥ ಹೇಳಿದ್ದೇನೆ, ನನ್ನ ಮಾತನ್ನು ಯಾರೂ ಪರೀಕ್ಷೆಯಲ್ಲಿ ಬರೆದಿರಲಿಲ್ಲ. ಮನೆಯವಳಿಗೆ ಓದಿ ಹೇಳಿದೆ. ಅವಳು, ‘ಒಂದ್ ಹುಡ್ಗಿ ಬಾಳು ಹಾಳು ಮಾಡಿ ಹೆಮ್ಮೆ ಬೇರೆ ಬತ್ತಾ ನಿಮ್ಗೆ?’ ಎಂದು ಕಾಫಿ ಲೋಟವನ್ನು ಕುಕ್ಕಿ ಹೋದಳು. ಆಮೇಲೆ ತಮ್ಮ ಕಾಗದವನ್ನು ಮತ್ತೊಮ್ಮೆ ಓದಿದೆ.

ಸೋಲಬೇಕೆಂದೇ ಬಂದಿದ್ದೆ. ಆದರೆ ಸೋಲುವುದಕ್ಕೂ ಎದುರಿನಿಂದ ಒಂದು ಮಾತು ಬರಬೇಕಲ್ಲ? ತಾವು ಪುಸ್ತಕ ಎಂದಿರಿ. ನನ್ನ ನಾಲಗೆ ತಡೆಯಲಿಲ್ಲ.

ತಪ್ಪು ನನ್ನದು, ನಾನೇ ಸರಿ ಮಾಡುತ್ತೇನೆ. ‘ಸೂರ್ಯನ ಪಶ್ಚಾತ್ತಾಪ’ ಎಂದು ಒಂದು ಪಾಡ್‌ಕಾಸ್ಟ್ ಮಾಡೋಣ. ನಾನು ಹೇಳಿದ್ದೆಲ್ಲ ಸುಳ್ಳು, ಭೂಮಿ ತಿರುಗುವುದು ನಿಜ ಎಂದು ಕಣ್ಣೀರಿಡುತ್ತಾ ಒಪ್ಪಿಕೊಳ್ಳುತ್ತೇನೆ. ಕರುಣರಸ ನನಗೆ ಚೆನ್ನಾಗಿ ಬರುತ್ತದೆ.

ತಮ್ಮ ಅಪರಾಧಿ,
ವಾಸಪ್ಪ


ನರಸಿಂಹರಾಜಪುರ
೨೭ ಸೆಪ್ಟೆಂಬರ್ ೨೦೦೮

ದಾಕ್ಷಾಯಿಣಿ ಟೀಚರ್ ಅವರಿಗೆ,

ವಾಸಪ್ಪನವರು ಅತ್ತು ತಪ್ಪೊಪ್ಪಿಕೊಳ್ಳುತ್ತಾರಂತೆ ಎಂದು ನೀವು ಫೋನಿನಲ್ಲಿ ಹೇಳಿದ್ದನ್ನು ಶೇಷಮ್ಮ ನನಗೆ ತಿಳಿಸಿದರು. ಬೇಡ ಟೀಚರ್. ಅವರು ಅತ್ತರೆ ಕಾಗೆಯ ಪ್ರಶ್ನೆಗೆ ಉತ್ತರ ಸಿಕ್ಕಿದ ಹಾಗಾಗುತ್ತದೆಯೇ? ಅವರು ಸರಿಯಾದ ಪ್ರಶ್ನೆ ಕೇಳಿದರು, ನಿಮ್ಮ ಹತ್ತಿರ ಉತ್ತರ ಇರಲಿಲ್ಲ, ನಾನು ಅವರ ಪಕ್ಷ ಬರೆದೆ. ಭೂಮಿ ತಿರುಗುತ್ತದೆ ಎನ್ನುವುದು ನನಗೆ ಬಾಯಿಪಾಠ ಬರುತ್ತಿತ್ತು. ಬರೆದಿದ್ದರೆ ಪಾಸೂ ಆಗುತ್ತಿದ್ದೆ. (ಬರೆಯಬೇಕಿತ್ತು ಅಂತ ನಾನು ಬೈದೆ. ಕೇಳುವುದಿಲ್ಲ. — ಶೇಷಮ್ಮ)

ಹೆಡ್‌ಮಾಸ್ಟರ್ ಸರ್ ಕರೆದು, ‘ನಿನ್ನ ತಪ್ಪಲ್ಲ ಮಗಾ. ಕಣ್ಣಿದ್ದೋರು ಗ್ಲೋಬು ನೋಡಿ ತಿಳ್ಕೊಳ್ತಾರೆ, ನಿಮಗೆ ಕಷ್ಟ’ ಎಂದರು. ನಾನು ಕೇಳಿದೆ: ‘ಸಾರ್, ಭೂಮಿ ತಿರುಗೋದನ್ನ ನೀವು ನೋಡಿದೀರಾ?’ ಅವರು ‘ಇಲ್ಲ’ ಎಂದರು. ‘ಸೂರ್ಯ ಹುಟ್ಟೋದು, ಮುಳುಗೋದು ನೋಡಿದೀರಲ್ಲ? ಹಾಗಾದ್ರೆ ನಿಮ್ಮ ಕಣ್ಣು ವಾಸಪ್ಪನವ್ರ ಪಕ್ಷ. ಈ ವಿಷಯದಲ್ಲಿ ಕಣ್ಣಿದ್ದೋರಿಗೇ ಕಷ್ಟ ಜಾಸ್ತಿ’ ಎಂದೆ. (ಹೆಡ್‌ಮಾಸ್ಟರ ಹತ್ತಿರ ಹೀಗೆ ಮಾತಾಡಬಹುದೇ? ಆದರೆ ಅವರು ನಕ್ಕರು. — ಶೇಷಮ್ಮ)

ಕೊನೆಗೆ ಸರ್ ಇನ್ನೊಂದು ಅವಕಾಶ ಕೊಟ್ಟಿದ್ದಾರೆ. ವಾಸಪ್ಪನವರು ನಮ್ಮ ಶಾಲೆಗೆ ಬಂದು ಅದೇ ವಾದ ಮಾಡಬೇಕು. ಎದುರಿಗೆ ನಾನು ಕೂರುತ್ತೇನೆ. ಗೆದ್ದರೆ ಹತ್ತನೇ ತರಗತಿಗೆ ವಿಜ್ಞಾನ. ಸೋತರೆ ಇನ್ನು ಆ ಮಾತೆತ್ತಬಾರದು. ನಾನು ಹೂಂ ಎಂದಿದ್ದೇನೆ. ಆದರೆ ಟೀಚರ್, ಕಾಗೆ ಯಾಕೆ ಅದೇ ಮರಕ್ಕೆ ಬರುತ್ತದೆ?

ನಿಮ್ಮ,
ಕೃತಿಕಾ


ಕೊಪ್ಪ
೩೦ ಸೆಪ್ಟೆಂಬರ್ ೨೦೦೮

ಪ್ರೀತಿಯ ಕೃತಿಕಾ,

ನಿನ್ನ ಕಾಗದ ಓದಿ ನಾಚಿಕೆಯೂ ಆಯಿತು, ಖುಷಿಯೂ ಆಯಿತು. ಉತ್ತರವನ್ನು ನಾನು ಈಗಲೇ ಬರೆಯಬಲ್ಲೆ. ಆದರೆ ನಾನು ಬರೆದುಕೊಟ್ಟದ್ದನ್ನು ನೀನು ಒಪ್ಪಿಸಿದರೆ ವಾಸಪ್ಪನವರು ಎರಡನೇ ಪ್ರಶ್ನೆಗೇ ನಿನ್ನನ್ನು ಮುಗಿಸುತ್ತಾರೆ. ನನ್ನ ಗತಿ ಕೇಳಿದ್ದೀಯಲ್ಲ.

ದಸರಾ ರಜೆಗೆ ಅಮ್ಮನ ಜೊತೆ ಬಾಳೆಹೊನ್ನೂರಿಗೆ ಬಸ್ಸಿನಲ್ಲಿ ಹೋಗುತ್ತೀಯಲ್ಲ. ಬಸ್ಸು ಓಡುವಾಗ ಕೈಯಲ್ಲಿರುವ ಏನನ್ನಾದರೂ ನೆಟ್ಟಗೆ ಮೇಲಕ್ಕೆ ಎಸೆದು ನೋಡು. ನಿನ್ನ ಕಾಗೆಯ ಮರ ಅಲ್ಲೇ ಎಲ್ಲೋ ಇದೆ.

ಶೇಷಮ್ಮನವರೇ, ಇದನ್ನು ಒಂದು ಪದವೂ ಬಿಡದೆ ಓದಿ ಹೇಳಿ. ನಿಮ್ಮ ಅಭಿಪ್ರಾಯ ಸೇರಿಸದಿದ್ದರೂ ನಡೆಯುತ್ತದೆ.

ಪ್ರೀತಿಯಿಂದ,
ದಾಕ್ಷಾಯಿಣಿ ಟೀಚರ್


ನರಸಿಂಹರಾಜಪುರ
೨ ನವೆಂಬರ್ ೨೦೦೮

ದಾಕ್ಷಾಯಿಣಿ ಟೀಚರ್ ಅವರಿಗೆ,

(ನನ್ನ ಅಭಿಪ್ರಾಯ ಬೇಡವಾದರೆ ಬೇಡ. ಸೇರಿಸುವುದಿಲ್ಲ. — ಶೇಷಮ್ಮ)

ಬಸ್ಸಿನಲ್ಲಿ ವಾಂತಿಯಾಗದಿರಲಿ ಎಂದು ಅಮ್ಮ ನನ್ನ ಕೈಯಲ್ಲಿ ಮೂಸಿ ನೋಡಲು ಒಂದು ನಿಂಬೆಹಣ್ಣು ಕೊಟ್ಟಿದ್ದಳು. ಅದನ್ನೇ ಎಸೆದೆ. ಬಸ್ಸು ನೆಟ್ಟಗೆ ಓಡುತ್ತಿದ್ದಾಗ ಅದು ನೇರವಾಗಿ ನನ್ನ ಅಂಗೈಗೇ ಬಂತು. ಮತ್ತೆ ಎಸೆದೆ, ಮತ್ತೆ ಬಂತು. ಅದು ಮೇಲಿರುವಾಗ ಬಸ್ಸು ಮುಂದೆ ಹೋಗಿರುತ್ತದೆ, ನಾನೂ ಹೋಗಿರುತ್ತೇನೆ. ಆದರೆ ನಿಂಬೆಹಣ್ಣೂ ನಮ್ಮ ಜೊತೆಗೇ ಬಂದಿರುತ್ತದೆ! ಅದು ಬಸ್ಸಿನ ಓಟವನ್ನು ಮರೆತಿರುವುದಿಲ್ಲ. ಕಾಗೆಯೂ ಹಾಗೇ ಭೂಮಿಯ ಓಟವನ್ನು ಮರೆತಿರುವುದಿಲ್ಲ. ಟೀಚರ್, ನಾನು ಬಸ್ಸಿನಲ್ಲೇ ಕಿರುಚಿದೆ. ಅಮ್ಮ ನನಗೆ ವಾಂತಿ ಬಂತೆಂದು ಕಿಟಕಿ ತೆಗೆದಳು.

ಆಮೇಲೆ ಘಟ್ಟದ ತಿರುವು ಬಂತು. ಅಲ್ಲಿ ಎಸೆದದ್ದು ಪಕ್ಕದ ಸೀಟಿನ ಅಜ್ಜಿಯ ಮಡಿಲಿಗೆ ಬಿತ್ತು. ವೀರಬಸಮ್ಮ ಎಂದು ಅವರ ಹೆಸರು. ಅವರು ಮೊದಲು, ‘ಎಂತದೇ ಇದು, ಮಂತ್ರಿಸಿದ್ದು ಅಲ್ಲ ತಾನೇ?’ ಎಂದು ಗಾಬರಿಯಾದರು. ಅಮ್ಮನ ಮರ್ಯಾದೆ ಹೋಯಿತು. ವಿಷಯ ತಿಳಿದ ಮೇಲೆ ಅಜ್ಜಿಯೇ ‘ಈಗ ರಸ್ತೆ ನೆಟ್ಟಗೆ ಬಂತು ನೋಡು, ಎಸಿ’ ಎಂದು ಹೇಳುತ್ತಾ ಬಂದರು. ನೆಟ್ಟಗಿದ್ದರೆ ಕೈಗೆ, ತಿರುವಿದ್ದರೆ ಮಡಿಲಿಗೆ. ಒಮ್ಮೆಯೂ ತಪ್ಪಲಿಲ್ಲ.

ಆದರೆ ಟೀಚರ್, ಈಗ ಹೊಸ ಭಯ ಶುರುವಾಗಿದೆ. ಭೂಮಿ ತಿರುಗುವುದೆಂದರೆ ಬರೀ ತಿರುವೇ ಅಲ್ಲವೇ? ವಾಸಪ್ಪನವರು ಅದನ್ನು ಹಿಡಿಯದೆ ಬಿಡುವುದಿಲ್ಲ. ಇದಕ್ಕೆ ಸುಳಿವು ಕೊಡಬೇಡಿ. ನಾನೇ ಯೋಚಿಸುತ್ತೇನೆ.

ನಿಮ್ಮ,
ಕೃತಿಕಾ


ಕೊಪ್ಪ
೧೧ ಜನವರಿ ೨೦೦೯

ವಾಸಪ್ಪನವರಿಗೆ,

ಮುಂದಿನ ತಿಂಗಳು ಶಾಲೆಯಲ್ಲಿ ವಾದ. ಹುಡುಗಿ ಚುರುಕು, ಆದರೆ ಹುಡುಗಿಯೇ. ನೀವು ಸಭೆಯಲ್ಲಿ ಎಂಥೆಂಥವರನ್ನೋ ಬಾಯಿ ಮುಚ್ಚಿಸಿದವರು. ಅವಳು ಸೋತರೆ ಅವಳ ವಿಜ್ಞಾನ ಅಲ್ಲಿಗೆ ಮುಗಿಯಿತು, ಅವಳ ಹಿಂದೆ ಬರುವ ಮಕ್ಕಳದ್ದೂ ಮುಗಿಯಿತು. ಒಂದು ಸಲ ಸೋತುಬಿಡಿ. ಯಾರಿಗೂ ಹೇಳಬೇಡಿ. ಇದನ್ನು ನಿಮ್ಮಂಥವರಲ್ಲಿ ಕೇಳುವುದು ಎಷ್ಟು ಕಷ್ಟ ಎಂದು ನನಗೆ ಗೊತ್ತು.

ದಾಕ್ಷಾಯಿಣಿ


ಜಯಪುರ
೧೫ ಜನವರಿ ೨೦೦೯

ಟೀಚರೇ,

ತಮಗೆ ಗೊತ್ತಿಲ್ಲ ಎಷ್ಟು ಕಷ್ಟ ಎಂದು. ಹರಿಹರಪುರದ ಒಂದು ಕೂಟದಲ್ಲಿ ಪ್ರಸಂಗದ ಪ್ರಕಾರ ಸಾಯಬೇಕಾದ ಪಾತ್ರ ನನ್ನದು. ಎದುರಿನವರ ಮಾತು ಸಾಕಾಗಲಿಲ್ಲವೆಂದು ನಾನು ಸಾಯಲಿಲ್ಲ. ಭಾಗವತರು ಹಾಡು ಹೇಳಿ ಹೇಳಿ ಗಂಟಲು ಕಟ್ಟಿತು. ಕೊನೆಗೆ ಮಂಗಳ ಹಾಡಿ ಎಲ್ಲರೂ ಎದ್ದು ಹೋದರು, ನಾನು ಬದುಕಿಯೇ ಮನೆಗೆ ಬಂದೆ. ಅಂಥವನು ನಾನು.

ಆದರೂ ಆಗಲಿ. ಮೂರು ಪ್ರಶ್ನೆ ಇಟ್ಟುಕೊಳ್ಳುತ್ತೇನೆ. ಮೊದಲ ಎರಡರಲ್ಲಿ ನನ್ನ ಮರ್ಯಾದೆಗೆ ತಕ್ಕಂತೆ ಹೋರಾಡುತ್ತೇನೆ. ಮೂರನೆಯದರಲ್ಲಿ ತಡವರಿಸಿ, ಶಾಲು ಸರಿ ಮಾಡಿಕೊಂಡು, ಸೋಲುತ್ತೇನೆ. ಕನ್ನಡಿಯ ಮುಂದೆ ತಡವರಿಸುವುದನ್ನು ಅಭ್ಯಾಸ ಮಾಡುತ್ತಿದ್ದೇನೆ. ಇದುವರೆಗೆ ಸರಿಯಾಗಿ ಬಂದಿಲ್ಲ.

ವಾಸಪ್ಪ


ನರಸಿಂಹರಾಜಪುರ
೨೬ ಜನವರಿ ೨೦೦೯

ವಾಸಪ್ಪನವರಿಗೆ,

ನಿಮ್ಮ ಎದುರು ಕೂರಲಿರುವ ಕೃತಿಕಾ ಮಾಡುವ ನಮಸ್ಕಾರಗಳು. ನಿಮ್ಮ ‘ಎಲೈ ವಸುಂಧರೆ’ ನನಗೆ ಪೂರ್ತಿ ಬಾಯಿಗೆ ಬರುತ್ತದೆ.

ದಾಕ್ಷಾಯಿಣಿ ಟೀಚರ್ ಮೊನ್ನೆ ಫೋನಿನಲ್ಲಿ, ‘ಹೆದರಬೇಡ, ಎಲ್ಲ ಒಳ್ಳೆಯದಾಗುತ್ತದೆ’ ಎಂದರು. ಅವರು ಹಾಗೆಲ್ಲ ಹೇಳುವವರಲ್ಲ. ‘ಓದಿಕೋ’ ಎನ್ನುವವರು. ಅವರ ಧ್ವನಿಯಲ್ಲಿ ಏನೋ ಇತ್ತು. ನಿಮಗೆ ಸೋಲಲು ಹೇಳಿದ್ದಾರೆ, ಅಲ್ಲವೇ?

ಬೇಡ. ಚಿಕ್ಕಂದಿನಿಂದ ಎಲ್ಲರೂ ನನ್ನ ಮುಂದೆ ಸೋಲುತ್ತಾರೆ. ಕಣ್ಣಾಮುಚ್ಚಾಲೆಯಲ್ಲಿ ಮಾವನ ಮಕ್ಕಳು ಬೇಕೆಂದೇ ನನ್ನ ಕೈಗೆ ಸಿಕ್ಕು, ‘ಅಯ್ಯೋ ಸಿಕ್ಕಿಬಿದ್ದೆ’ ಎನ್ನುತ್ತಾರೆ. ಅವರ ಉಸಿರಲ್ಲೇ ಗೊತ್ತಾಗುತ್ತದೆ. ನೀವೂ ಹಾಗೆ ಮಾಡಿದರೆ ನನಗೆ ವಿಜ್ಞಾನ ಸಿಗಬಹುದು, ಆದರೆ ಅದು ನನ್ನ ಯೋಗ್ಯತೆಗೆ ಸಿಕ್ಕಿತೋ ನಿಮ್ಮ ಕರುಣೆಗೆ ಸಿಕ್ಕಿತೋ ಎಂದು ಜನ್ಮದಲ್ಲಿ ತಿಳಿಯುವುದಿಲ್ಲ. ಹಾಗೆ ಗೆಲ್ಲುವುದಕ್ಕಿಂತ ಸೋಲುವುದು ವಾಸಿ. ನೀವು ಬಂದು ಸರಿಯಾಗಿ ಜಗಳ ಮಾಡಿ.

ಇತಿ ನಿಮ್ಮ ಎದುರಾಳಿ,
ಕೃತಿಕಾ

(ಇದನ್ನು ಬರೆಯುವಾಗ ನನಗೆ ಕಣ್ಣು ಮಂಜಾಯಿತು. ಅಕ್ಷರ ಕೆಟ್ಟಿದ್ದರೆ ಅದಕ್ಕೇ. ಅಭಿಪ್ರಾಯವಲ್ಲ, ಸುಮ್ಮನೆ ಹೇಳಿದೆ. — ಶೇಷಮ್ಮ)


ನರಸಿಂಹರಾಜಪುರ
೨೩ ಫೆಬ್ರವರಿ ೨೦೦೯

ಇವರಿಗೆ: ಶ್ರೀಮತಿ ದಾಕ್ಷಾಯಿಣಿ, ವಿಜ್ಞಾನ ಶಿಕ್ಷಕಿ, ಕೊಪ್ಪ
ವಿಷಯ: ಭೂಮಿ ತಿರುಗುವ ಅಥವಾ ತಿರುಗದಿರುವ ಬಗ್ಗೆ

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ತಮಗೆ ಜ್ವರದ ನಿಮಿತ್ತ ಸಭೆಗೆ ಬರಲಾಗದ ಕಾರಣ, ನಡೆದದ್ದನ್ನು ತಮ್ಮ ಅವಗಾಹನೆಗೆ ತರಬಯಸುತ್ತೇನೆ.

ಶ್ರೀ ವಾಸಪ್ಪನವರು ಶಾಲು ಸಮೇತ ಹಾಜರಾದರು. ಸೈಬರ್ ಸೆಂಟರಿನ ಶ್ರೀ ವೀರೇಶ್ ರೆಕಾರ್ಡ್ ಮಾಡಲು ಬಂದಿದ್ದರು. ಮಾತು ಉದ್ದವಾದರೆ ನಿಲ್ಲಿಸಲು ಶೇಷಮ್ಮನವರಿಗೆ ಶಾಲೆಯ ಗಂಟೆಯನ್ನು ಕೊಡಲಾಗಿತ್ತು. ಅವರು ಅದನ್ನು ವಾಸಪ್ಪನವರಿಗೆ ಮಾತ್ರ ಬಾರಿಸಿದರು. ಈ ಬಗ್ಗೆ ವಾಸಪ್ಪನವರು ಆಕ್ಷೇಪಿಸಿದಾಗ, ಅದಕ್ಕೂ ಬಾರಿಸಿದರು.

ಕಾಗೆಯ ಪ್ರಶ್ನೆಗೆ ಕೃತಿಕಾ ನಿಂಬೆಹಣ್ಣಿನ ಉದಾಹರಣೆಯನ್ನು ಸಮರ್ಪಕವಾಗಿ ನೀಡಿದಳು. ಕೂಡಲೇ ವಾಸಪ್ಪನವರು, ‘ತಿರುವಿನಲ್ಲಿ ಹಣ್ಣು ಅಜ್ಜಿಯ ಮಡಿಲಿಗೆ ಹೋಯಿತೆಂದು ನೀನೇ ಹೇಳಿದೆ. ನೀನು ತಿರುಗುವುದೆಂದರೆ ಹಗಲಿರುಳೂ ತಿರುವೇ. ಹಾಗಾದರೆ ಈ ಜನರೆಲ್ಲ ಏಕೆ ಒಬ್ಬರ ಮಡಿಲಿಗೊಬ್ಬರು ಬಿದ್ದಿಲ್ಲ?’ ಎಂದು ಗರ್ಜಿಸಿದರು. ಹುಡುಗಿ ಸೋತಳೆಂದು ಭಾವಿಸಿ ನನಗೆ ನಿಜವಾಗಿಯೂ ಬೇಸರವಾಯಿತು.

ಆಗ ಅವಳು, ‘ಉತ್ತರ ಕೊಡ್ತೀನಿ. ಮೊದ್ಲು ಇಬ್ರೂ ಸಮ ಆಗಣ. ನೀವು ಕಣ್ಣು ಕಟ್ಕೊಳ್ಳಿ’ ಎಂದಳು. ವಾಸಪ್ಪನವರು ತಮ್ಮ ಶಾಲಿನಿಂದಲೇ ಕಣ್ಣು ಕಟ್ಟಿಕೊಂಡರು. ‘ಕುರ್ಚಿ ಗಟ್ಟಿ ಇಲ್ಲ, ನಮ್ ಸಾರ್ ಕುರ್ಚೀಲಿ ಕೂತ್ಕೊಳ್ಳಿ’ ಎಂದು ನನ್ನ ಆಫೀಸಿನ ತಿರುಗುವ ಕುರ್ಚಿಯಲ್ಲಿ ಅವರನ್ನು ಕೂರಿಸಲಾಯಿತು. ಸದರಿ ಕುರ್ಚಿಗೆ ಹಿಂದಿನ ದಿನವೇ ಎಣ್ಣೆ ಬಿಡಲಾಗಿತ್ತೆಂಬುದು ನನಗೆ ನಂತರ ತಿಳಿದುಬಂತು. ಅನುಮತಿ ಪಡೆದಿರಲಿಲ್ಲ. ‘ಕಾಲು ಮೇಲೆ ಇಟ್ಕೊಳ್ಳಿ, ಸೂರ್ಯ ದೇವ್ರು ನೆಲಕ್ಕೆ ಕಾಲಿಡಬಾರ್ದು’ ಎಂದಳು. ಅದನ್ನೂ ಅವರು ಸಂತೋಷದಿಂದ ಪಾಲಿಸಿದರು.

‘ಈಗ ಸೂರ್ಯನ ಮಹಿಮೆ ಹೇಳಿ’ ಎಂದಳು. ಅವರು ಶುರು ಮಾಡಿದರು. ಈ ಸಲ ಶೇಷಮ್ಮ ಗಂಟೆ ಬಾರಿಸಲಿಲ್ಲ. ಕುರ್ಚಿಯ ಬೆನ್ನು ಹಿಡಿದು, ನಿಂತಿದೆಯೋ ತಿರುಗುತ್ತಿದೆಯೋ ಎಂದು ನೋಡುವವರಿಗೇ ತಿಳಿಯದಷ್ಟು ನಿಧಾನವಾಗಿ ಅದನ್ನು ತಿರುಗಿಸತೊಡಗಿದರು. ವಾಸಪ್ಪನವರು ಮಹಿಮೆಯಲ್ಲಿ ಮುಳುಗಿದ್ದರು. ಮೊದಲು ತಿಳಿದದ್ದು ನಮ್ಮ ಮಕ್ಕಳಿಗೆ. ಅವರಿಗೆ ಕಾಣುವುದಿಲ್ಲ, ಆದರೆ ಧ್ವನಿ ತಮ್ಮ ಕಡೆಯಿಂದ ಸರಿದು ಗೋಡೆಯ ಕಡೆಗೆ ಹೋಗುತ್ತಿರುವುದು ಕೇಳಿಸಿತು. ಬಾಯಿಗೆ ಕೈ ಅಡ್ಡ ಹಿಡಿದು ಕೂತರು.

ಕೃತಿಕಾ ಕೇಳಿದಳು: ‘ಸ್ವಾಮೀ, ಈಗ ನೀವು ಯಾರ್ ಕಡೆ ಮುಖ ಮಾಡಿದೀರಿ?’

‘ನಿನ್ನ ಕಡೆಗೇ, ವಸುಂಧರೆ!’ ಎಂದು ಅವರು ಕೈ ಚಾಚಿದರು. ಕೈ ಹೋಗಿ ಗೋಡೆಯ ಮೇಲಿನ ಭಾರತದ ಭೂಪಟಕ್ಕೆ ತಾಗಿತು. ಶಾಲು ಬಿಚ್ಚಿ ನೋಡಿದರು. ಮಕ್ಕಳು ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆನೆಂದು ದಾಖಲಿಸುತ್ತೇನೆ.

ನಗು ನಿಂತ ಮೇಲೆ ಅವಳು ಹೇಳಿದಳು: ‘ಬಸ್ಸು ಒಂದು ಉಸಿರಲ್ಲಿ ತಿರುಗತ್ತೆ, ಅದಕ್ಕೆ ನಿಂಬೆಹಣ್ಣು ಓಡತ್ತೆ. ಶೇಷಮ್ಮ ನಿಧಾನ ತಿರುಗ್ಸಿದ್ರು, ನಿಮ್ಗೆ ಗೊತ್ತೇ ಆಗ್ಲಿಲ್ಲ. ಭೂಮಿ ಶೇಷಮ್ಮನಿಗಿಂತ ನಿಧಾನ. ಒಂದು ಸುತ್ತಿಗೆ ಒಂದು ಹಗಲು, ಒಂದು ರಾತ್ರಿ ಬೇಕು.’

ವಾಸಪ್ಪನವರು ಬಾಯಿ ತೆರೆದರು. ಮಾತು ಬರಲಿಲ್ಲ. ಎಲ್ಲರೂ ಕಾದೆವು. ಬರಲೇ ಇಲ್ಲ.

ನಾನು ನಿಯಮಾನುಸಾರ, ‘ಹಾಗಾದ್ರೆ ಭೂಮಿ ತಿರುಗತ್ತೆ ಅಂತ ಸಾಬೀತಾಯ್ತಾ?’ ಎಂದು ಕೇಳಿದೆ. ಅವಳು, ‘ಇಲ್ಲ ಸಾರ್. ತಿರುಗಿದ್ರೂ ನಮಗೆ ಗೊತ್ತಾಗ್ದೇ ಇರಬಹುದು ಅಂತ ಮಾತ್ರ ಆಯ್ತು. ನಿಜಕ್ಕೂ ತಿರುಗತ್ತಾ ಅಂತ ತಿಳಿಬೇಕಾದ್ರೆ ಮುಂದೆ ಓದ್ಬೇಕು. ಅದಕ್ಕೇ ಸಾರ್ ನಾನು ಸೈನ್ಸ್ ಕೇಳ್ತಿರದು’ ಎಂದಳು.

ಆದ ಕಾರಣ, ಕುಮಾರಿ ಕೃತಿಕಾ ಹಾಗೂ ಇಚ್ಛೆಯುಳ್ಳ ಇತರ ಮಕ್ಕಳಿಗೆ ಹತ್ತನೇ ತರಗತಿಯಲ್ಲಿ ವಿಜ್ಞಾನ ವಿಷಯವನ್ನು ನೀಡಲು ತೀರ್ಮಾನಿಸಿದ್ದೇನೆ. ತಾವು ಪಾಡ್‌ಕಾಸ್ಟ್ ಮುಂದುವರಿಸಬೇಕಾಗಿ ಕೋರಿಕೆ. ನನ್ನ ಹಿಂದಿನ ಮಾತನ್ನು ಹಿಂಪಡೆದಿದ್ದೇನೆ.

ತಮ್ಮ ವಿಶ್ವಾಸಿ,
ಸೋಮಶೇಖರಪ್ಪ
ಮುಖ್ಯೋಪಾಧ್ಯಾಯರು


ನರಸಿಂಹರಾಜಪುರ
೨೭ ಫೆಬ್ರವರಿ ೨೦೦೯

ವಾಸಪ್ಪನವರಿಗೆ,

ನನಗೆ ವಿಜ್ಞಾನ ಸಿಕ್ಕಿತು. ಎಲ್ಲರೂ ಕೊಂಡಾಡುತ್ತಿದ್ದಾರೆ. ನನಗೆ ಮಾತ್ರ ಸಮಾಧಾನವಿಲ್ಲ. ನೀವು ಸುಮ್ಮನಾದಿರಲ್ಲ, ಆಗ ನಿಮ್ಮ ಉಸಿರನ್ನು ಕೇಳಿಸಿಕೊಳ್ಳಬೇಕೆಂದು ಕಿವಿಗೊಟ್ಟೆ. ನೀವು ಗೋಡೆಯ ಕಡೆ ತಿರುಗಿದ್ದಿರಿ, ಕೇಳಿಸಲಿಲ್ಲ. ಬೇಕೆಂದೇ ಸೋತಿರಾ? ನಿಜ ಹೇಳಿ.

ಕೃತಿಕಾ

(ನಾನೂ ತಿಳಿಯಲು ಕಾದಿದ್ದೇನೆ. — ಶೇಷಮ್ಮ)


ಜಯಪುರ
೪ ಮಾರ್ಚ್ ೨೦೦೯

ಚಿರಂಜೀವಿ ಕೃತಿಕಾಳಿಗೆ ವಾಸಪ್ಪನ ಆಶೀರ್ವಾದಗಳು.

ಶೇಷಮ್ಮನವರೇ, ಇದನ್ನು ನಿಧಾನವಾಗಿ ಓದಿ ಹೇಳಿ. ನಿಧಾನ ಮಾಡುವುದರಲ್ಲಿ ತಮ್ಮನ್ನು ಮೀರಿಸುವವರಿಲ್ಲ ಎಂದು ನನಗೆ ಅನುಭವವಾಗಿದೆ.

ಮಗಳೇ, ವೀರೇಶ್ ರೆಕಾರ್ಡನ್ನು ಇಂಟರ್‌ನೆಟ್ಟಿಗೆ ಹಾಕುವ ಮೊದಲು ನನಗೆ ಫೋನ್ ಮಾಡಿ, ‘ಒಂದ್ ಕಡೆ ನಿಮ್ ಮಾತೇ ಇಲ್ಲ, ಬರೀ ಖಾಲಿ ಬತ್ತಾ ಅದೆ, ಕತ್ತರಿಸ್ಲಾ?’ ಎಂದು ಕೇಳಿದರು. ಮುಟ್ಟಬೇಡಿ ಎಂದೆ. ನನ್ನ ಬಾಯಿಯಿಂದ ಅಷ್ಟು ಹೊತ್ತು ಏನೂ ಬಾರದೆ ಇದ್ದದ್ದು ಬೇರೆ ಎಲ್ಲೂ ರೆಕಾರ್ಡಾಗಿಲ್ಲ. ಮನೆಯವಳು ಅದನ್ನು ಕೇಳಲೆಂದೇ ಕೊಪ್ಪಕ್ಕೆ ಹೋಗಿ ಬಂದಳು.

ನೀನು ನಿಜ ಕೇಳಿದ್ದೀಯ. ಹೇಳುತ್ತೇನೆ, ಸಿಟ್ಟಾಗಬೇಡ. ಟೀಚರು ಸೋಲಲು ಕೇಳಿದ್ದು ಹೌದು. ನಾನು ಒಪ್ಪಿದ್ದೂ ಹೌದು. ನಿನ್ನ ಕಾಗದ ಬಂದ ಮೇಲೂ ನನ್ನ ಮನಸ್ಸು ಬದಲಾಗಲಿಲ್ಲ. ಮಗುವಿನ ಓದು ಹಾಳಾಗುವುದಕ್ಕಿಂತ ಮಗುವಿಗೆ ಒಂದು ಸುಳ್ಳು ಹೇಳಿದರೆ ತಪ್ಪಿಲ್ಲ ಎಂದುಕೊಂಡು, ಮೂರು ಪ್ರಶ್ನೆ ಕಟ್ಟಿಕೊಂಡು ಬಂದಿದ್ದೆ. ಮೂರನೆಯದು ಇದು: ‘ನೀನು ತಿರುಗುವವಳಾದರೆ ಹಿರಿಯರು ನಿನಗೆ ಅಚಲೆ, ಅಂದರೆ ಕದಲದವಳು, ಎಂದು ಯಾಕೆ ಹೆಸರಿಟ್ಟರು?’ ಅದಕ್ಕೆ ನೀನು ಏನು ಹೇಳಿದರೂ ತಡವರಿಸಿ, ಶಾಲು ಸರಿ ಮಾಡಿಕೊಂಡು, ಸೋಲುವುದೆಂದು ನಿಶ್ಚಯ. ಕನ್ನಡಿಯ ಮುಂದೆ ಅಭ್ಯಾಸವೂ ಆಗಿತ್ತು.

ನೀನು ಎರಡನೆಯದರಲ್ಲೇ ನನ್ನನ್ನು ಗೋಡೆಗೆ ತಿರುಗಿಸಿ ಕೂರಿಸಿದೆ. ಕಣ್ಣು ಬಿಚ್ಚಿದಾಗ ನಾನು ಉತ್ತರ ಹುಡುಕಿದೆ, ಮಗಳೇ. ಗೆಲ್ಲಲಿಕ್ಕೆಂದೇ ಹುಡುಕಿದೆ. ಸಿಗಲಿಲ್ಲ. ಸೋಲಬೇಕೆಂದು ನಾನು ಗೊತ್ತು ಮಾಡಿಕೊಂಡಿದ್ದ ಜಾಗ ಇನ್ನೂ ಮುಂದಿತ್ತು. ಅಲ್ಲಿಯವರೆಗೆ ನೀನು ನನ್ನನ್ನು ಬಿಡಲೇ ಇಲ್ಲ.

ನಿನ್ನ ಎದುರಾಳಿ,
ವಾಸಪ್ಪ